ಖಾಲಿ ಡಬ್ಬಿ

ಎರಡನೇ ಅಲೆಯಲ್ಲಿ ನನಗೆ ಕೊರೊನಾ ಬಂದಾಗ ಭದ್ರಾವತಿಯ ಓಲ್ಡ್ ಟೌನ್ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಪಕ್ಕದ ಮನೆಯ ಪುಟ್ಟಲಕ್ಷ್ಮಕ್ಕ ದಿನಾ ಬೆಳಿಗ್ಗೆ ಸ್ಟೀಲ್ ಡಬ್ಬಿಯಲ್ಲಿ ಗಂಜಿ ತಂದು ಕಾಂಪೌಂಡ್ ಗೋಡೆಯ ಮೇಲಿಡುತ್ತಿದ್ದರು. ಯಾರದೇ ಪಾತ್ರೆಯನ್ನು ಖಾಲಿ ಹಿಂದಿರುಗಿಸಿ ನನಗೆ ಅಭ್ಯಾಸವಿಲ್ಲ. ಆದರೆ ಸೋಂಕಿನ ಮನೆಯಿಂದ ತಿನ್ನುವುದೇನು ಕೊಡಲಿ? ಡಬ್ಬಿ ತೊಳೆದು, ಹಿತ್ತಿಲಿನ ಒಂದು ದಾಸವಾಳ ಹಾಕಿ ಸಂಜೆ ಗೋಡೆಯ ಮೇಲಿಡುತ್ತಿದ್ದೆ.

ಆರನೆಯ ದಿನ ಹಿತ್ತಿಲಿನವರೆಗೆ ಹೋಗಲು ಉಸಿರು ಸಾಲಲಿಲ್ಲ. ಡಬ್ಬಿಯನ್ನು ಹಾಗೇ ಇಟ್ಟು ಬಂದು ಮಲಗಿದೆ.

ಸ್ವಲ್ಪ ಹೊತ್ತಿಗೆ ಕಿಟಕಿಯಾಚೆ ಅಕ್ಕನ ದನಿ ಕೇಳಿತು. "ಖಾಲಿ ಡಬ್ಬಿ ಇಡೋಳಲ್ಲ ನೀನು. ಏನಾಯ್ತು ಮಾರಾಯ್ತಿ?"

"ಸುಸ್ತು ಅಕ್ಕ, ಅಷ್ಟೇ," ಎಂದೆ.

"ಅಷ್ಟು ಹೇಳೋಕೆ ಮೂರು ಸಲ ಉಸಿರು ತಗೊಂಡೆ."

ಅವರೇ ಆಂಬುಲೆನ್ಸ್ ಕರೆಸಿ ನನ್ನನ್ನು ಶಿವಮೊಗ್ಗದ ಆಸ್ಪತ್ರೆಗೆ ಕಳಿಸಿದರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಆ ಡಬ್ಬಿ ಈಗಲೂ ನಮ್ಮಿಬ್ಬರ ಮನೆಗಳ ನಡುವೆ ಓಡಾಡುತ್ತಿದೆ. ಮೊನ್ನೆ ಕಜ್ಜಾಯ ತುಂಬಿ ಕೊಟ್ಟರೆ ಅಕ್ಕ ಮುಚ್ಚಳ ತೆಗೆದು ನೋಡಿ, "ದಾಸವಾಳ ಎಲ್ಲಿ?" ಎಂದರು.

ಹಿತ್ತಿಲಿಗೆ ಹೋಗಿ ಕಿತ್ತು ತಂದೆ. ದಾರಿಯಲ್ಲಿ ಎಲ್ಲೂ ನಿಲ್ಲಬೇಕಾಗಲಿಲ್ಲ.