ಮಲ್ಲಿಗೆ ಮುಡಿದ ದೆವ್ವ

ಸೋಂಪುರದ ಕಾರ್ಖಾನೆಗಳ ಹಿಂದಿನ ಆ ಊರಿಗೆ ಮದುವೆಯಾಗಿ ಬಂದು ನಾಲ್ಕು ತಿಂಗಳಾಗಿದ್ದರೂ ನವ್ಯಶ್ರೀಗೆ ಮನೆಯಲ್ಲಿ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಕೂತರೆ ಏನೋ ಮರೆತವಳಂತೆ ಎದ್ದುಬಿಡುವಳು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವಳು, ಬಾಗಿಲ ತನಕ ಹೋಗಿ ಸುಮ್ಮನೆ ವಾಪಸ್ಸು ಬರುವಳು. ಅಡುಗೆಮನೆಯಲ್ಲಿ ಯಾವ ಪಾತ್ರೆ ಎತ್ತಿಕೊಂಡರೂ ಅದರ ಅಂಚಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರು ಕಾಣುತ್ತಿತ್ತು: ಶಶಿರೇಖಾ. ಗಂಡ ಕೆಂಪರಾಜನ ಮೊದಲ ಹೆಂಡತಿ. ಎರಡು ವರ್ಷದ ಹಿಂದೆ ಡೆಂಗಿ ಜ್ವರ ಬಂದು ತುಮಕೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು.

ಮದುವೆಯ ದಿನವೇ ಅತ್ತೆ ಅಕ್ಕಯಮ್ಮ ನವ್ಯಶ್ರೀಯ ಕೊರಳಿಗೆ ತಾಳಿಯ ಜೊತೆ ಇನ್ನೊಂದು ದಾರವನ್ನೂ ಕಟ್ಟಿದ್ದರು. ಅದರಲ್ಲಿ ಒಂದು ಸಣ್ಣ ಬೆಳ್ಳಿ ಬಿಲ್ಲೆ. ಸತ್ತ ಸವತಿಯ ಹೆಸರಿನದು. ಅದು ಮೈಮೇಲಿದ್ದರೆ ಮೊದಲನೆಯವಳು ಎರಡನೆಯವಳ ತಂಟೆಗೆ ಬರುವುದಿಲ್ಲವೆಂದು ನಂಬಿಕೆ. ಹೊಸಕೋಟೆಯ ತವರಿನಲ್ಲಿದ್ದಾಗ ಇಂಥದ್ದಕ್ಕೆಲ್ಲ ನಗುತ್ತಿದ್ದ ನವ್ಯಶ್ರೀ ಈಗ ಸ್ನಾನ ಮಾಡುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ವಾರವಿಡೀ ಜ್ವರ ಬಂದಿತ್ತು. ಆವತ್ತಿನಿಂದ ಬಗ್ಗಿದಾಗಲೆಲ್ಲ ಬಿಲ್ಲೆ ಇದೆಯೋ ಇಲ್ಲವೋ ಎಂದು ಕೈ ತಾನಾಗಿಯೇ ಕೊರಳಿಗೆ ಹೋಗುತ್ತಿತ್ತು.

ಶಶಿರೇಖಾಳ ಮಗಳು ಸಿಂಚನ ಐದನೇ ಕ್ಲಾಸಿನಲ್ಲಿದ್ದಳು. ಗಲಾಟೆಯಿಲ್ಲ, ಹಟವಿಲ್ಲ. ಕೊಟ್ಟದ್ದು ತಿಂದು, ಹೇಳಿದ್ದು ಕೇಳಿಕೊಂಡು ಇದ್ದುಬಿಡುತ್ತಿದ್ದಳು. ಆ ಬುಧವಾರ ಸಂಜೆ ಅವಳಾಗಿಯೇ ಅಡುಗೆಮನೆಗೆ ಬಂದು ನಿಂತಾಗ ನವ್ಯಶ್ರೀ ಗಾಬರಿಯಾದಳು.

"ಶುಕ್ರವಾರಕ್ಕೆ ಒಂದ್ ಕಾರ್ಡ್ ಮಾಡ್ಕೊಂಡ್ ಹೋಗ್ಬೇಕು," ಎಂದಳು ಸಿಂಚನ. "ಹ್ಯಾಲೋವೀನ್ ಕಾರ್ಡು. ಕಪ್ಪು ಬಿಳಿ ಎರಡೇ ಬಣ್ಣ ಇರ್ಬೇಕಂತೆ. ಅಂಗಡೀದು ತಂದ್ರೆ ಮಿಸ್ ತಗೊಳಲ್ಲ, ಕೈಯಲ್ಲೇ ಮಾಡಿರ್ಬೇಕು."

"ಹಂಗಂದ್ರೆ ಏನ್ ಹಬ್ಬ ಪುಟ್ಟಾ ಅದು?"

"ದೆವ್ವದ ಹಬ್ಬ. ಫಾರಿನ್ನಲ್ಲಿ ಮಾಡ್ತಾರೆ. ಸತ್ತೋದೋರೆಲ್ಲ ಅವತ್ತು ಅವರವರ ಮನೆಗೆ ಬರ್ತಾರಂತೆ. ಮಿಸ್ ಹೇಳಿದ್ರು."

ನವ್ಯಶ್ರೀಯ ಕೈಲಿದ್ದ ಸೌಟು ಪಾತ್ರೆಯ ಅಂಚಿಗೆ ತಗುಲಿ ಟಣ್ಣೆಂದಿತು. "ಸರಿ, ಮಾಡೋಣ," ಎಂದುಬಿಟ್ಟಳು. ಆ ಮಗು ಮೊದಲ ಸಲ ಏನನ್ನೋ ಕೇಳಿತ್ತು.

ಇಬ್ಬರೂ ಆಟೋ ಹತ್ತಿ ದಾಬಸ್‌ಪೇಟೆಗೆ ಹೋದರು. ರಾಜ್ಯೋತ್ಸವ ಹತ್ತಿರವಿತ್ತು. ಸ್ಟೇಷನರಿ ಅಂಗಡಿಯ ಮುಂದೆಲ್ಲ ಹಳದಿ ಕೆಂಪು ಬಾವುಟ, ಹಳದಿ ಕೆಂಪು ರಿಬ್ಬನ್, ಹಳದಿ ಕೆಂಪು ಚಾರ್ಟು. ಕಪ್ಪು ಎಂದೊಡನೆ ಅಂಗಡಿಯ ನಜೀಬುಲ್ಲಾ ತಲೆಯಾಡಿಸಿದರು.

"ಕಪ್ಪು ಯಾರೂ ಕೇಳಲ್ಲಮ್ಮಾ, ತರಿಸೋದೇ ಇಲ್ಲ. ಬಿಳೀದು ಎಷ್ಟ್ ಬೇಕಾದ್ರೂ ತಗೊಳಿ."

ಬಿಳಿಯ ಡ್ರಾಯಿಂಗ್ ಶೀಟನ್ನು ಸುರುಳಿ ಸುತ್ತಿಕೊಂಡು ಮನೆಗೆ ಬಂದರು. ಸ್ಕೆಚ್ ಪೆನ್ನಿನಲ್ಲಿ ತಿಕ್ಕಿ ನೋಡಿದರು. ಅಂಗೈ ಅಗಲ ಆಗುವಷ್ಟರಲ್ಲಿ ಪೆನ್ನು ಒಣಗಿತು. ನವ್ಯಶ್ರೀ ಮನೆಯೆಲ್ಲ ಓಡಾಡಿದಳು, ಬೀರು ತೆಗೆದಳು, ಮುಚ್ಚಿದಳು. ಬಚ್ಚಲ ಗೂಡಿನಲ್ಲಿ ಕೆಂಪರಾಜ ತಲೆಗೆ ಹಚ್ಚುವ ಹೇರ್‌ಡೈ ಪುಡಿಯ ಪೊಟ್ಟಣ ಸಿಕ್ಕಿತು. ಮದುವೆಗೆಂದು ತಂದು ಉಳಿದದ್ದು.

"ಅಪ್ಪ ಬೈಯಲ್ವಾ?" ಸಿಂಚನ ಕೇಳಿದಳು.

"ಬೈದ್ರೆ ಬಿಳೀ ತಲೇಲೇ ಓಡಾಡ್ಲಿ ಬಿಡು."

ಸಿಂಚನ ನಕ್ಕಳು. ಹಾಗೆ ನಗುವುದನ್ನು ನವ್ಯಶ್ರೀ ಅದುವರೆಗೆ ಕಂಡಿರಲಿಲ್ಲ. ಡೈಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಹಾಳೆಗೆ ಬಳಿದರು. ಮೂಗಿಗೆ ಘಾಟು ಹತ್ತಿತು. ಇಬ್ಬರ ಬೆರಳುಗಳೂ ಕಪ್ಪಾದವು. ಒಣಗಿದ ಹಾಳೆ ಸುಕ್ಕುಸುಕ್ಕಾದರೂ ಬಣ್ಣ ಮಾತ್ರ ಅಮಾವಾಸ್ಯೆಯ ಕಪ್ಪು. ಅದನ್ನು ಎರಡು ಮಡಿಕೆ ಮಾಡಿದರು. ಸಿಂಚನ ಬಿಳಿ ಹಾಳೆಯಲ್ಲಿ ಬಾಗಿಲು ಕತ್ತರಿಸಿ ಅಂಟಿಸಿದಳು, ಬಾಗಿಲ ಮುಂದೆ ಮೆಟ್ಟಿಲು, ಮೆಟ್ಟಿಲ ಪಕ್ಕ ತುಳಸಿಕಟ್ಟೆ. ಇದೇ ಮನೆ. ಆಮೇಲೆ ದೆವ್ವ ಕತ್ತರಿಸಲು ಕೂತಳು. ಕಾಲಿಲ್ಲದ, ಗಾಳಿಯಲ್ಲಿ ತೇಲುವ ಬಿಳಿ ದೆವ್ವ. ಆದರೆ ಅದಕ್ಕೆ ಸೊಂಟದವರೆಗೆ ಜಡೆಯಿತ್ತು. ಜಡೆಯ ಮೇಲೆ ಅಕ್ಕಿಕಾಳಿನಷ್ಟು ಚೂರುಗಳನ್ನು ಒಂದೊಂದಾಗಿ ಅಂಟಿಸತೊಡಗಿದಳು.

"ಏನದು?"

"ಮಲ್ಲಿಗೆ ಹೂವು."

ಗೋಡೆಯ ಮೇಲಿದ್ದ ಶಶಿರೇಖಾಳ ಫೋಟೋ ನೋಡದೆಯೇ ನವ್ಯಶ್ರೀಗೆ ಆ ಜಡೆ ಯಾರದೆಂದು ಗೊತ್ತಾಯಿತು. ಎದ್ದು ನೀರು ಕುಡಿದು ಬಂದಳು. ಕೂತಳು. ಮತ್ತೆ ಎದ್ದಳು.

"ಅಮ್ಮನ್ನ ಕರಿಯೋಕೆ ಮಾಡ್ತಿದೀನಿ," ಎಂದಳು ಸಿಂಚನ ಕತ್ತರಿಯಿಂದ ಕಣ್ಣೆತ್ತದೆ. "ಸ್ಕೂಲಿಗೆ ಕೊಡಲ್ಲ." ಇನ್ನೊಂದು ಚೂರು ಅಂಟಿಸಿ, "ನೀವು ಶುಕ್ರವಾರ ಒಂದಿನ ಅದನ್ನ ಬಿಚ್ಚಿಡ್ತೀರಾ?" ಎಂದು ನವ್ಯಶ್ರೀಯ ಕೊರಳಿನತ್ತ ಕೈ ತೋರಿಸಿದಳು. "ಅದಿದ್ರೆ ಅಮ್ಮ ಬರಕ್ಕಾಗಲ್ಲ ಅಂತ ಅಜ್ಜಿ ಅಂದಿದ್ರು. ಆಮೇಲೆ ಹಾಕ್ಕೊಳಿ."

ನವ್ಯಶ್ರೀ ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆ ನೋಡುವವಳಂತೆ ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಕೆಂಪರಾಜ ಕಾರ್ಖಾನೆಗೆ ಹೊರಡುವಾಗ ನವ್ಯಶ್ರೀ ಅವನಿಗೆ ಇದನ್ನೆಲ್ಲ ಹೇಳಿದಳು. ಶೂ ಲೇಸು ಕಟ್ಟುತ್ತಿದ್ದ ಅವನ ಕೈ ನಿಂತಿತು.

"ಈ ಸ್ಕೂಲ್‌ನೋರಿಗೆ ಬೇರೆ ಕೆಲ್ಸ ಇಲ್ಲ," ಎಂದ.

"ಸ್ಕೂಲಿನ ಮಾತಲ್ಲ ರೀ. ಮಗು ಕಾಯ್ತಿದೆ. ನೀವು ಅವಳ ಹತ್ರ ಅಮ್ಮನ ವಿಷ್ಯ ಯಾವತ್ತಾದ್ರೂ ಮಾತಾಡಿದೀರಾ?"

"ಏನಂತ ಮಾತಾಡ್ಲಿ? ಅವಳನ್ನ ಆಗ ನಮ್ಮಕ್ಕನ ಮನೇಲಿ ಬಿಟ್ಟಿದ್ವಿ. ಕೊನೇಲಿ ಅಮ್ಮನ ಮುಖಾನೂ ತೋರಿಸ್ಲಿಲ್ಲ." ಬೈಕಿನ ಕೀ ಹುಡುಕುವ ನೆವದಲ್ಲಿ ಅವನು ಹೊರಗೆ ಹೋದ. ಕೀ ಅವನ ಜೇಬಿನಲ್ಲೇ ಇತ್ತು.

ಮಧ್ಯಾಹ್ನ ಅಕ್ಕಯಮ್ಮ ಕಿಟಕಿಯಲ್ಲಿ ಇಟ್ಟಿದ್ದ ಕಾರ್ಡನ್ನು ನೋಡಿಬಿಟ್ಟರು. "ಯಾವಳು ಇದ ಮನೆ ಒಳಗೆ ತಂದೋಳು? ಕರೀ ಮನೆ, ಬಿಳೀ ದೆವ್ವ! ದೀಪಾವಳಿ ಕಳೆದು ಎರಡು ವಾರ ಆಗಿಲ್ಲ," ಎಂದು ಅದನ್ನು ಹಿಡಿದು ಬಚ್ಚಲೊಲೆಯ ಕಡೆ ನಡೆದರು. ನವ್ಯಶ್ರೀ ಅಡ್ಡ ಬಂದಳು.

"ಕೊಡಿ ಅತ್ತೆ. ಅದು ದೆವ್ವ ಅಲ್ಲ. ಜಡೆ ನೋಡಿ."

ಅಕ್ಕಯಮ್ಮ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದರು. ತುಂಬ ಹೊತ್ತು ನೋಡಿದರು. ಅದನ್ನು ಕಿಟಕಿಯಲ್ಲೇ ಇಟ್ಟು ಹಿತ್ತಲಿಗೆ ಹೋದರು.

ಶುಕ್ರವಾರ ನವ್ಯಶ್ರೀಗೆ ಬೆಳಗಿನಿಂದಲೇ ಕೈಕಾಲು ನಿಲ್ಲಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿ ಬರಿಗೈಲಿ ಇಳಿದಳು. ಸಂಜೆ ಶಾಲೆಯ ವ್ಯಾನು ಬಂತು. ಸಿಂಚನ ಕೈಕಾಲು ತೊಳೆದು, ಹಬ್ಬದ ಲಂಗ ಹಾಕಿಕೊಂಡು, ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ನವ್ಯಶ್ರೀಯ ಮುಖವನ್ನು ಒಮ್ಮೆ ನೋಡಿದಳು. ಕೇಳಲಿಲ್ಲ.

ಆ ಕೇಳದಿರುವುದನ್ನು ನವ್ಯಶ್ರೀಗೆ ತಡೆಯಲಾಗಲಿಲ್ಲ. ಎರಡೂ ಕೈ ಕುತ್ತಿಗೆಯ ಹಿಂದೆ ಹಾಕಿ ದಾರದ ಗಂಟು ಬಿಚ್ಚತೊಡಗಿದಳು. ಎಳೆದಷ್ಟೂ ಗಂಟು ಇನ್ನಷ್ಟು ಬಿಗಿಯಾಯಿತು.

"ಬೇಡ ಕಣಮ್ಮಾ," ಅಕ್ಕಯಮ್ಮ ಒಳಗಿನಿಂದ ಓಡಿಬಂದು ಅವಳ ಕೈ ಹಿಡಿದುಕೊಂಡರು. "ಬಿಚ್ಬೇಡ. ಒಬ್ಬಳನ್ನ ಈ ಬಾಗಿಲಿಂದ ಹೊರಗೆ ಕಳಿಸಿದೀನಿ. ನಿನಗೂ ಏನಾದ್ರೂ ಆಗೋದ್ರೆ ನಾನೇನ್ ಮಾಡ್ಲಿ?"

ಅತ್ತೆ ಹೆದರಿದ್ದು ತನಗಾಗಿ. ಆ ಬಿಲ್ಲೆಯನ್ನು ಎರಡನೆಯವಳೆಂದು ನೆನಪಿಸಿ ತನ್ನನ್ನು ದೂರ ಇಡಲು ಕಟ್ಟಿದ್ದಾರೆಂದೇ ನವ್ಯಶ್ರೀ ಇಷ್ಟು ದಿನ ಅಂದುಕೊಂಡಿದ್ದಳು.

"ಅವರು ಮಗಳನ್ನ ನೋಡೋಕೆ ಬರೋರು ಅತ್ತೆ," ಎಂದಳು. "ನನಗೇನ್ ಮಾಡ್ತಾರೆ?"

ಹೇಳಿದಷ್ಟು ಧೈರ್ಯ ಅವಳಿಗಿರಲಿಲ್ಲ. ಅಕ್ಕಯಮ್ಮ ಕೈ ಬಿಟ್ಟರು. ಆಮೇಲೆ ತಾವೇ ಸೊಸೆಯ ಹಿಂದೆ ನಿಂತು, ಹಲ್ಲಿನಿಂದ ಕಚ್ಚಿ, ಆ ಗಂಟನ್ನು ಬಿಚ್ಚಿದರು.

ಮೂವರೂ ಜಗಲಿಯಲ್ಲಿ ಕೂತರು. ಬೀದಿದೀಪ ಹತ್ತಿಕೊಂಡಿತು. ಕಾರ್ಖಾನೆಯ ಬಸ್ಸು ಜನರನ್ನು ಇಳಿಸಿ ಹೋಯಿತು. ಒಂದು ನಾಯಿ ಬಂದು ಮೂಸಿ ನೋಡಿ ಹೋಯಿತು. ತೆಂಗಿನ ಗರಿ ಅಲುಗಿದರೂ ಸಿಂಚನ ನೆಟ್ಟಗೆ ಕೂರುತ್ತಿದ್ದಳು, ಗೇಟು ಕಿರುಗುಟ್ಟಿದರೆ ಕಾರ್ಡನ್ನು ಎತ್ತಿ ಹಿಡಿಯುತ್ತಿದ್ದಳು. ಪ್ರತಿ ಸದ್ದಿಗೂ ನವ್ಯಶ್ರೀ ಗೇಟಿನತ್ತ ನೋಡುತ್ತಿದ್ದಳು. ಬರದಿರಲಿ ಎಂದು ಒಂದು ಕ್ಷಣ, ಒಂದೇ ಒಂದು ಸಲ ಬಂದು ಹೋಗಲಿ ಎಂದು ಮರುಕ್ಷಣ.

"ಬರಲ್ಲ ಅಲ್ವಾ?" ಎಂದಳು ಸಿಂಚನ ಕೊನೆಗೆ.

ಅಕ್ಕಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುಳ್ಳು ಹೇಳುವುದು ಸುಲಭವಿತ್ತು. ನವ್ಯಶ್ರೀ ಆ ಮಗುವಿನ ಕಪ್ಪು ಹತ್ತಿದ ಬೆರಳುಗಳನ್ನು ಹಿಡಿದುಕೊಂಡು, "ಬರಲ್ಲ ಪುಟ್ಟಾ," ಎಂದಳು.

ಸಿಂಚನ ಅತ್ತಳು. ಎರಡು ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತಳು. ಉಸಿರು ಸಿಕ್ಕಿಕೊಳ್ಳುವ ಹಾಗೆ, ಎದುರು ಮನೆಯವರು ಬಾಗಿಲಿಗೆ ಬಂದು ನೋಡುವ ಹಾಗೆ. ಓವರ್‌ಟೈಮ್ ಮುಗಿಸಿ ಬಂದ ಕೆಂಪರಾಜ ಬೈಕಿನಿಂದ ಇಳಿಯದೆ ಗೇಟಿನಲ್ಲೇ ನಿಂತುಬಿಟ್ಟ. "ಏನಾಯ್ತು?" ಎಂದು ಕೇಳುತ್ತ ಇಳಿದು ಬಂದ. ಮಗಳ ಕೈಲಿದ್ದ ಕಾರ್ಡು ತೆಗೆದುಕೊಂಡು ನೋಡಿದ. ಜಡೆಯ ಮೇಲೆ ಬೆರಳಾಡಿಸಿದ.

"ಆಸ್ಪತ್ರೇಲೂ ಹೂವು ಕೇಳಿದ್ಲು," ಎಂದ. "ಡ್ರಿಪ್ ಹಾಕಿದ್ರು, ಕೈ ಎತ್ತೋಕಾಗ್ತಿರ್ಲಿಲ್ಲ. ಸಿಂಚು ನೋಡೋಕ್ ಬಂದ್ರೆ ಹಿಂಗಿರಬಾರ್ದು, ಒಂದ್ ಮೊಳ ತಂದು ಮುಡಿಸ್ರೀ ಅಂದ್ಲು. ನಾನು ತಂದೆ. ನಿನ್ನನ್ನ ಮಾತ್ರ ಕರ್ಕೊಂಡ್ ಹೋಗ್ಲಿಲ್ಲ. ಹೆದರ್ಕೋತೀಯ ಅಂತ."

"ಮುಡಿಸಿದ್ರಾ?"

"ಮುಡಿಸ್ದೆ."

ಆಮೇಲೆ ಸಿಂಚನ ಬಿಡಲಿಲ್ಲ. ಅಮ್ಮ ಇನ್ನೇನಂದಳು, ಊಟ ಮಾಡಿದ್ದಳಾ, ನೋವಿತ್ತಾ, ಎಲ್ಲಿ ಮಣ್ಣು ಮಾಡಿದಿರಿ. ಕೆಂಪರಾಜ ಶೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತು ಒಂದೊಂದಕ್ಕೂ ಉತ್ತರ ಹೇಳಿದ. ಕೆಲವು ಪ್ರಶ್ನೆಗಳಿಗೆ ಅಕ್ಕಯಮ್ಮ ಹೇಳಿದರು. ನವ್ಯಶ್ರೀ ಸುಮ್ಮನೆ ಕೇಳಿದಳು. ಪಾತ್ರೆಯ ಮೇಲಿನ ಹೆಸರಾಗಿದ್ದ ಹೆಂಗಸು ಹುಣಸೆಹಣ್ಣಿಗೆ ಉಪ್ಪು ಹಚ್ಚಿ ಕದ್ದು ತಿನ್ನುತ್ತಿದ್ದಳಂತೆ, ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದಳಂತೆ.

ಮರುದಿನ ರಾಜ್ಯೋತ್ಸವದ ರಜೆ. ಬೆಳಿಗ್ಗೆ ಅಕ್ಕಯಮ್ಮ ಬಿಲ್ಲೆಯ ದಾರ ಹಿಡಿದುಕೊಂಡು ಬಂದು, "ನನ್ನ ಸಮಾಧಾನಕ್ಕೆ ಹಾಕ್ಕೊಳ್ಳಮ್ಮಾ," ಎಂದು ಬೇಡುವವರ ಹಾಗೆ ನಿಂತರು. ನವ್ಯಶ್ರೀ ಬಗ್ಗಿ ಕಟ್ಟಿಸಿಕೊಂಡಳು. ಭಯ ಪೂರ್ತಿ ಹೋಗಿರಲಿಲ್ಲ. ಆದರೂ ಅದರೊಳಗಿರುವವಳ ಪರಿಚಯವಾದಂತಿತ್ತು.

ನಾಲ್ವರೂ ಹೊಲಕ್ಕೆ ಹೋದರು. ಶಶಿರೇಖಾಳನ್ನು ಮಣ್ಣು ಮಾಡಿದ್ದು ಹೊಲದ ಅಂಚಿನ ಹೊಂಗೆಮರದ ಕೆಳಗೆ. ಗುಡ್ಡೆಯ ಮೇಲೆ ಮೊಣಕಾಲುದ್ದ ಕಳೆ ಬೆಳೆದಿತ್ತು. "ಒಂದು ಕಲ್ಲಾದ್ರೂ ನೆಡಿಸ್ಬಾರ್ದೇನೋ ನೀನು," ಎಂದು ಅಕ್ಕಯಮ್ಮ ಮಗನನ್ನು ಬೈಯುತ್ತಲೇ ಕಳೆ ಕೀಳಲು ಕೂತರು. ಸಿಂಚನ ಕಾರ್ಡನ್ನು ಬಿಚ್ಚಿ ಮಣ್ಣಿಗೆ ತೋರಿಸಿದಳು, ಆದರೆ ಅಲ್ಲಿ ಬಿಡಲಿಲ್ಲ. "ಮಳೆ ಬಂದ್ರೆ ಡೈ ಎಲ್ಲಾ ಇಳ್ದೋಗುತ್ತೆ," ಎಂದು ಮತ್ತೆ ಎದೆಗವಚಿಕೊಂಡಳು.

ನವ್ಯಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಡ್ಡೆಯ ಇನ್ನೊಂದು ಮಗ್ಗುಲಲ್ಲಿ ಕೂತಳು. ಮುಳ್ಳುಗಿಡವೊಂದರ ಬೇರು ಆಳಕ್ಕಿಳಿದಿತ್ತು. ಎಳೆದಳು, ಬರಲಿಲ್ಲ. ಸಿಂಚನ ಕಾರ್ಡನ್ನು ಅಪ್ಪನ ಕೈಗೆ ಕೊಟ್ಟು ಬಂದು ಅವಳ ಕೈಮೇಲೆ ಕೈ ಇಟ್ಟಳು. "ಒಟ್ಟಿಗೆ ಎಳೆಯೋಣ," ಎಂದಳು.