ಜಟ್ಟಪ್ಪ ಉಜ್ಜಿ ಅಳಿಸಿದ ನಂಬರು

ಭಾನುವಾರ ತೀರ್ಥಹಳ್ಳಿಯಲ್ಲಿ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳ ಪ್ರದರ್ಶನ. ಅದಕ್ಕೆಂದು ಬಂದ ಒಂದು ಪೆಟ್ಟಿಗೆಯನ್ನು ರಿಪ್ಪನ್‌ಪೇಟೆಯ ಭವ್ಯಶ್ರೀ ತನ್ನ ರಿಪೇರಿ ಅಂಗಡಿಯಲ್ಲಿ ಸರಿಮಾಡಿ ಮುಗಿಸಿದ್ದಳು. ಉಳಿದದ್ದು ಅದರ ಮುಂದಿಡುವ ಚೀಟಿ. ಒಳಗಿನ ಚಿಪ್ ಯಾರ ವಿನ್ಯಾಸ, ಎಲ್ಲಿ ತಯಾರಾದದ್ದು ಎಂದು ನಾಲ್ಕು ಸಾಲು ಬರೆಯಬೇಕಿತ್ತು.

ಪ್ರದರ್ಶನ ನಡೆಸುವ ಮೇಧಾ ಮೇಡಂ ಫೋನಿನಲ್ಲಿ ಹೇಳಿದ್ದರು: "ಗೊತ್ತಿದ್ದಷ್ಟೇ ಬರಿ, ಊಹೆ ಬೇಡ. ಇದು ಚೆನ್ನಾಗಿ ಬಂದ್ರೆ ಮುಂದಿನ ಪ್ರದರ್ಶನದ ಪೆಟ್ಟಿಗೆಗಳನ್ನೂ ನಿಂಗೇ ಕೊಡ್ತೀನಿ." ದಿನವಿಡೀ ಮೊಬೈಲ್ ಗ್ಲಾಸ್ ಬದಲಿಸಿ ಬೇಸತ್ತಿದ್ದ ಭವ್ಯಶ್ರೀಗೆ ಆ ಕೆಲಸ ಬೇಕೇ ಬೇಕಿತ್ತು.

ಆದರೆ ಚಿಪ್ಪಿನ ಮೇಲೆ ನಂಬರೇ ಇರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಅಳಿಸಿದ್ದರು. ಉಜ್ಜಿದ್ದು ಅವಳಿಗೆ ಕೆಲಸ ಕಲಿಸಿದ ಜಟ್ಟಪ್ಪನವರೇ. ತೊಂಬತ್ತರ ದಶಕದಲ್ಲಿ, ಪೈಪೋಟಿಗಿದ್ದ ಸಾಗರದ ಮೆಕ್ಯಾನಿಕ್ ರಾಜುವಿಗೆ ಬಿಡಿಭಾಗದ ಗುಟ್ಟು ತಿಳಿಯಬಾರದೆಂದು ತಾವು ಹಾಕಿದ ಪ್ರತಿ ಚಿಪ್ಪನ್ನೂ ಅವರು ಹೀಗೇ ಉಜ್ಜುತ್ತಿದ್ದರು.

ಬೆಳಿಗ್ಗೆ ಅಂಗಡಿಗೆ ಬಂದು ಕೂತ ಜಟ್ಟಪ್ಪನವರನ್ನೇ ಅವಳು ಕೇಳಿದಳು.

"ಎಂಥ ಕೇಳೋದು ಮಾರಾಯ್ತಿ, ಜಪಾನ್ ಅಂತ ಬರಿ. ಇಡೀ ಹೊಸನಗರ ತಾಲೂಕಿಗೇ ಗೊತ್ತು."

"ಹೊಸನಗರಕ್ಕೆ ಹೇಳಿದ್ದು ಯಾರು ಮಾವ?"

ಅವರು ಬಾಯಲ್ಲಿದ್ದ ಎಲೆಯಡಿಕೆ ಕವಳ ಅಗಿಯುತ್ತ ನಕ್ಕರು.

ಭವ್ಯಶ್ರೀ ಮೊದಲು ಫೋನಿನಲ್ಲಿ ಜಪಾನಿನ ಮೂಲ ಗೇಮ್ ಪೆಟ್ಟಿಗೆಯ ಒಂದು ಆಟದ ಸಂಗೀತ ಕೇಳಿಸಿದಳು. ಆಮೇಲೆ ಪೆಟ್ಟಿಗೆಯಲ್ಲಿ ಅದೇ ಆಟ ಹಾಕಿದಳು. ರಾಗ ಅದೇ, ದನಿ ಬೇರೆ.

"ನಿಮ್ಮ ಚಿಪ್ ಮೂಗಲ್ಲಿ ಹಾಡ್ತದೆ."

"ಮಳೆಗಾಲ ಅಲ್ವಾ, ನೆಗಡಿ."

"ಅಮೆರಿಕದವರ 1975ರ ವಿನ್ಯಾಸ ಆಧರಿಸಿ ಜಪಾನಿನವರು 1983ರ ಪೆಟ್ಟಿಗೆಗೆ ಚಿಪ್ ಮಾಡಿದ್ರು. ಅದನ್ನ ನಕಲು ಮಾಡಿದ ಕೆಲವರು ದನಿಯ ಎರಡು ಅಳತೆ ಅದಲು ಬದಲು ಮಾಡಿಬಿಟ್ರು. ಇದು ಅಂಥ ನಕಲು. ಯಾರು ಮಾಡಿದ್ದು ಅನ್ನೋದೇ ಗೊತ್ತಾಗ್ತಿಲ್ಲ."

"ಹಾಗಾದ್ರೆ ಏನು ಬರೀತೀಯಾ?"

"ನಕಲು, ತಯಾರಾದ ದೇಶ ತಿಳಿಯದು ಅಂತ."

"ಇಷ್ಟು ವರ್ಷ ಜಪಾನ್ ಅಂತ ಹೇಳ್ಕೊಂಡು ಬಂದವನು ನಾನು."

"ನಿಮ್ಮ ಹೆಸರು ಹಾಕೋದಿಲ್ಲ ಮಾವ. ಆದ್ರೆ ಜಪಾನ್ ಅಂತಾನೂ ಬರೆಯೋದಿಲ್ಲ."

ಜಟ್ಟಪ್ಪ ಎದ್ದು ಹೊರಗೆ ಹೋಗಿ ಕವಳ ಉಗಿದು ಬಂದರು. ಚಿಪ್ಪಿನ ಬೋಳು ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು.

"ಯು ಎ, ಆರು ಐದು ಎರಡು ಏಳು. ಕೊನೆಗೊಂದು ಪಿ. ಮೂವತ್ತು ಚಿಪ್ ಉಜ್ಜಿದವನು ಮರೀತೀನಾ? ತೈವಾನ್ ಅಂದ್ರೆ ಆಗ ಯಾರೂ ಮೂಸ್ತಿರ್ಲಿಲ್ಲ."

ಭವ್ಯಶ್ರೀ ಫೋನಿನಲ್ಲಿದ್ದ ಚಿಪ್ ನಂಬರುಗಳ ಪಟ್ಟಿ ತೆಗೆದು ನೋಡಿದಳು. ನಂಬರ್ ಅಲ್ಲಿತ್ತು, ತೈವಾನಿನ ನಕಲು ಎಂದಿತ್ತು, ದನಿಯ ಅದಲು ಬದಲೂ ನಮೂದಾಗಿತ್ತು. ಚೀಟಿ ಬರೆದು ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಇನ್ನೊಂದು ಸಾಲು ಸೇರಿಸು. ನಂಬರ್ ಅಳಿಸಿದ್ದು ಜಟ್ಟಪ್ಪ, ರಿಪ್ಪನ್‌ಪೇಟೆ. ಇಲ್ದಿದ್ರೆ ಫ್ಯಾಕ್ಟರಿಯವರೇ ಹಾಕೋದು ಮರೆತ್ರು ಅಂದ್ಕೋತಾರೆ."

ಅವಳು ಅದನ್ನೂ ಬರೆದು, ಚೀಟಿಯ ಫೋಟೊ ಮೇಧಾ ಮೇಡಂಗೆ ಕಳಿಸಿದಳು. ಕಾಫಿ ಮುಗಿಯುವಷ್ಟರಲ್ಲಿ ಉತ್ತರ ಬಂತು: "ಇನ್ನೂ ಏಳು ಪೆಟ್ಟಿಗೆ ಇವೆ. ಸೋಮವಾರ ಬಸ್ಸಿಗೆ ಹಾಕಲಾ?"

ಭವ್ಯಶ್ರೀ ಮೇಜಿನ ಮೇಲಿದ್ದ ಮೊಬೈಲುಗಳನ್ನೆಲ್ಲ ಒಂದು ಮೂಲೆಗೆ ಸರಿಸಿ ಜಾಗ ಮಾಡತೊಡಗಿದಳು.