ಲ್ಯಾಬಿಗೆ ಬಂದ ಬೆಳ್ಳಕ್ಕಿ

ಕಾನಸೂರಿನಾಚೆಯ ಆ ಹೈಸ್ಕೂಲಿನ ಕಂಪ್ಯೂಟರ್ ಕೋಣೆಗೆ ಮಧ್ಯಾಹ್ನದ ಬಿಸಿಲು ಕಿಟಕಿಯ ನೀಲಿ ಬಟ್ಟೆಯನ್ನು ಹಾದು ಇಳಿಯುತ್ತಿತ್ತು. ಹೊರಗೆ ಗದ್ದೆ ಕೊಯ್ಲು; ಒಳಗೆ ಕೂತ ಮಕ್ಕಳ ತಲೆಗೂದಲಿಗೂ ಹುಲ್ಲಿನ ವಾಸನೆ. ಗಣಿತ ಕಲಿಸುವ ಮಮತಾ ಅಕ್ಕೋರು ಸಂಜೆಯೊಳಗೆ ಒಂದು ತೀರ್ಮಾನ ಮಾಡಬೇಕಿತ್ತು. ಪ್ರೋಗ್ರಾಮಿಂಗ್ ಕಲಿಸಲು ಎರಡು ಸಾಫ್ಟ್‌ವೇರ್ ಬಂದಿದ್ದವು. ಯಾವುದನ್ನು ಆರಿಸಿದರೂ ವರ್ಷವಿಡೀ ಅದೇ.

ಅವರ ಕಣ್ಣು ಕಾವ್ಯಶ್ರೀಯ ಮೇಲಿತ್ತು. ಎಂಟನೇ ತರಗತಿಯ ಆ ಹುಡುಗಿ ಬೆಳಿಗ್ಗೆಯೇ ಹೇಳಿದ್ದಳು: “ಅಕ್ಕೋರೆ, ಇದು ನನ್ ತಲೆಗೆ ಹತ್ತೂದಿಲ್ಲ. ನಾಳಿಂದ ಹೊಲಿಗೆ ಕ್ಲಾಸಿಗೆ ಹೋಗ್ತೀನಿ.”

ಮೊದಲನೆಯದರಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್. ಅಂಕವನ್ನೂ ಅದೇ ಹಾಕುತ್ತದೆ. ಹೆಡ್‌ಮಾಸ್ತರು ಕಮಲಾಕರರಿಗೆ ಅದೇ ಇಷ್ಟ. ಚೌಕ ಬಿಡಿಸುವ ಪಾಠ ಶುರುವಾಯಿತು. ಕಾವ್ಯಶ್ರೀ ಒಂದು ಅಕ್ಷರ ಒತ್ತಿ, ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಅದನ್ನು ಕಂಡು ಪಕ್ಕದ ಹುಡುಗ ದರ್ಶನ ಕುರ್ಚಿ ಬಿಟ್ಟೆದ್ದ. ಅವನ ಹಿಂದೆ ಕಿರಣ, ಆಮೇಲೆ ಎಲ್ಲರೂ ಅವಳ ಕಂಪ್ಯೂಟರಿನ ಸುತ್ತ ನೆರೆದರು.

“ಬನ್ರೋ, ಇವಳದ್ದು ಮುಗ್ಸಿ ನಂದಕ್ಕೆ ಹೋಗಾನ” ಎಂದ ದರ್ಶನ.

“ನಂದು ಮೊದ್ಲು ಅಂದಿದ್ಯಲ್ಲೋ!” ಎಂದ ಕಿರಣ.

“ನಿಂದ್ರಲ್ಲಿ ಬರೀ ತಪ್ಪಿನ ಕಳೆ ಮಾರಾಯಾ, ತೆಗ್ಯೂದ್ರೊಳಗೆ ಸಂಜೆ ಆಗ್ತದೆ.”

ಊರಲ್ಲಿ ಮುಯ್ಯಾಳಿನ ಕಾಲ. ಇಂದು ಎಲ್ಲರೂ ಒಬ್ಬರ ಗದ್ದೆಗೆ, ನಾಳೆ ಇನ್ನೊಬ್ಬರದಕ್ಕೆ. ಕೆಲಸವೆಂದರೆ ಹಾಗೆಯೇ ಎಂದು ಮಕ್ಕಳು ತಿಳಿದಿದ್ದರು. ಸಾಫ್ಟ್‌ವೇರಿಗೆ ಅದು ಗೊತ್ತಿರಲಿಲ್ಲ. ಗಂಟೆ ಬಾರಿಸುವಾಗ ಮುಗಿದದ್ದು ಅವಳದೊಂದೇ: ಕಾವ್ಯಶ್ರೀಗೆ ಪೂರ್ತಿ ಅಂಕ; ಉಳಿದವರಿಗೆಲ್ಲ ಸೊನ್ನೆ.

“ಕ್ಲಾಸಿಗೇ ಫಸ್ಟ್ ಬಂದ್ಯಲ್ಲೇ ಹುಡುಗಿ!” ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕಮಲಾಕರರು ನಕ್ಕರು. ಅವಳು ತಲೆಯೆತ್ತಲಿಲ್ಲ. ಅದರಲ್ಲಿ ತನ್ನದು ಒಂದೇ ಅಕ್ಷರವೆಂದು ಅವಳಿಗೆ ಗೊತ್ತಿತ್ತು.

ಮುಂದಿನ ಪಿರಿಯಡ್ಡಿಗೆ ಮಮತಾ ಎರಡನೆಯದನ್ನು ತೆರೆದರು. ‘ಮುಂದೆ ಹೋಗು’, ‘ತಿರುಗು’ ಎಂದು ಕನ್ನಡದಲ್ಲಿ ಬರೆದ ಬಣ್ಣದ ತುಂಡುಗಳು, ಎಳೆದು ಜೋಡಿಸಿದರಾಯಿತು. ಅಂಕವಿಲ್ಲ. ಪಾಠ ಹಕ್ಕಿ ಹಾರಿಸುವುದು. ಒಬ್ಬರು ಮಾಡಿದ ಹಕ್ಕಿಯನ್ನು ಪೆನ್‌ಡ್ರೈವಿನಲ್ಲಿ ಇನ್ನೊಬ್ಬರ ಕಂಪ್ಯೂಟರಿಗೆ ಒಯ್ಯಬಹುದು.

ಕಾವ್ಯಶ್ರೀ ಹಸಿರು ಗದ್ದೆಯೊಂದನ್ನು ಬಿಡಿಸಿ, ಅದರಲ್ಲೊಂದು ಬೆಳ್ಳಕ್ಕಿಯನ್ನಿಟ್ಟು, ಎರಡು ತುಂಡು ಜೋಡಿಸಿದಳು. ಬೆಳ್ಳಕ್ಕಿ ಹೊರಟಿತು. ಆಮೇಲೆ ದರ್ಶನನದ್ದು ತಲೆಕೆಳಗಾಗಿ ಹಾರಿಬಂತು, ಕಿರಣನದ್ದು ಬಾಲ ಮುಂದಾಗಿ. ಒಂದೊಂದಾಗಿ ಎಲ್ಲರವೂ ಅವಳ ಗದ್ದೆಗೆ ಇಳಿದವು. ನೀಲಿ ಬೆಳಕಿನಲ್ಲಿ ಮಕ್ಕಳ ಮುಖಗಳು ನೀರಿನೊಳಗೆ ಕಂಡಂತೆ ತೇಲಿದವು. ಹೊರಗಿನ ಗದ್ದೆ ಯಾವುದು, ಒಳಗಿನದು ಯಾವುದು ಎಂದು ಮಮತಾಗೂ ಒಂದು ಗಳಿಗೆ ತಿಳಿಯಲಿಲ್ಲ.

“ಮಾರ್ಕ್ಸ್ ಹೇಗೆ ಹಾಕ್ತೀರಿ?” ಕಮಲಾಕರರು ಮೆಲ್ಲಗೆ ಕೇಳಿದರು.

“ನಾನೇ ಕೂತು ನೋಡಿ ಹಾಕ್ತೇನೆ ಸರ್.”

“ನಿಮಗೇ ಕೆಲ್ಸ ಹೆಚ್ಚು. ಆಯ್ತು, ಇದನ್ನೇ ಹಾಕ್ಸಿ.”

ಕಾವ್ಯಶ್ರೀ ಬೆಳ್ಳಕ್ಕಿಗಳಿಂದ ಕಣ್ಣು ಕೀಳದೆ ಕೇಳಿದಳು: “ಅಕ್ಕೋರೆ, ಈ ಗದ್ದೆಗೆ ಕತ್ತಲೆ ಮಾಡೂದು ಹೆಂಗೆ? ಇವು ಗೂಡಿಗೆ ಹೋಗ್ಬೇಕಲ್ದಾ?”

“ನಾಳೆ ಹೇಳಿಕೊಡ್ತೇನೆ” ಎಂದರು ಮಮತಾ.

“ಹೂಂ, ನಾಳೆ ಇಲ್ಲಿಗೇ ಬರ್ತೀನಿ” ಎಂದಳು ಅವಳು.